ವಿಎಫ್‌ಎಕ್ಸ್‌ಗೆ ಯಾವ ಫಾರ್ಮ್ಯಾಟ್? ಕ್ಯಾಮೆರಾದಿಂದ ತೆರೆಯವರೆಗೆ ಒಂದು ಕೈಪಿಡಿ

ಯಂತ್ರಮಾನವರೇ ತುಂಬಿರುವ ‘ದಿ ಕ್ರಿಯೇಟರ್’ 2023ರಲ್ಲಿ ತೆರೆಕಂಡಾಗ ಕಥೆಯಷ್ಟೇ ಚರ್ಚೆಯಾದದ್ದು ಅದರ ಕ್ಯಾಮೆರಾ. ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್ ಈ ದೊಡ್ಡ ಹಾಲಿವುಡ್ ಚಿತ್ರವನ್ನು ತೆಗೆದದ್ದು ಸೋನಿ ಎಫ್‌ಎಕ್ಸ್‌3ಯಲ್ಲಿ. ಮದುವೆ ವಿಡಿಯೊ ಮಾಡುವವರ ಬ್ಯಾಗಿನಲ್ಲೂ ಸಿಗುವ ಪುಟ್ಟ ಕ್ಯಾಮೆರಾ ಅದು. ಕಿರುಚಿತ್ರ ಮಾಡಹೊರಟ ಯಾರಿಗಾದರೂ ಹುರುಪು ಬರುವ ಸುದ್ದಿ. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಕ್ಯಾಮೆರಾ ತನ್ನ ಕಾರ್ಡಿಗೆ ಹಿಂಡಿ ಬರೆಯುವ ವಿಡಿಯೊವನ್ನು ಆ ತಂಡ ನೆಚ್ಚಿಕೊಳ್ಳಲಿಲ್ಲ. ಹೊರಗೊಂದು ಅಟೊಮೊಸ್ ನಿಂಜಾ ರೆಕಾರ್ಡರ್ ಜೋಡಿಸಿ, ಸೆನ್ಸರ್‌ನ ಕಚ್ಚಾ ಮಾಹಿತಿಯನ್ನು ಉಳಿಸುವ ಪ್ರೋರೆಸ್ ರಾ ರೂಪದಲ್ಲಿ ದಾಖಲಿಸಿಕೊಂಡಿತು. ಕ್ಯಾಮೆರಾದಲ್ಲಿ ದುಡ್ಡು ಉಳಿಸಿದರು. ಚಿತ್ರದ ಮಾಹಿತಿಯಲ್ಲಿ ಉಳಿಸಲು ಹೋಗಲಿಲ್ಲ.

ವಿಎಫ್‌ಎಕ್ಸ್ ಕೆಲಸದಲ್ಲಿ ಫಾರ್ಮ್ಯಾಟ್ ಆರಿಸುವ ಗುಟ್ಟು ಇಷ್ಟೇ: ಒಮ್ಮೆ ಕಳೆದ ಮಾಹಿತಿ ಮತ್ತೆ ಬರುವುದಿಲ್ಲ. ಎಲ್ಲ ಹಂತಕ್ಕೂ ಒಗ್ಗುವ ಒಂದೇ ಫಾರ್ಮ್ಯಾಟ್ ಎಂಬುದೂ ಇಲ್ಲ. ಚಿತ್ರೀಕರಣಕ್ಕೆ ಒಂದು, ಸಂಕಲನಕ್ಕೆ ಒಂದು, ಪದರಗಳನ್ನು ಒಂದಾಗಿ ಕೂಡಿಸುವ ಕಾಂಪೋಸಿಟಿಂಗ್‌ಗೆ ಒಂದು, ಬಿಡುಗಡೆಗೆ ಮತ್ತೊಂದು. ಯಾವ ಹಂತದಲ್ಲಿ ಯಾವುದು, ಒಂದರಿಂದ ಇನ್ನೊಂದಕ್ಕೆ ದಾಟುವಾಗ ಏನು ಸೋರಿಹೋಗಬಾರದು ಎಂಬುದನ್ನು ಶೂಟಿಂಗ್‌ಗೆ ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಣ್ಣಿಗೆ ಬೇಡದ್ದು ಕಂಪ್ಯೂಟರಿಗೆ ಬೇಕು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಎಂಪಿ4, ಎಂಓವಿ ಎಂಬುವು ಬರೀ ಡಬ್ಬಿಗಳು. ಒಳಗೆ ಸಕ್ಕರೆ ಇದೆಯೋ ಉಪ್ಪಿದೆಯೋ ಎಂಬುದನ್ನು ಡಬ್ಬಿ ನೋಡಿ ಹೇಳಲಾಗದು. ಒಳಗಿರುವುದು ಕೋಡೆಕ್, ಅಂದರೆ ಚಿತ್ರವನ್ನು ಹಿಂಡುವ ಮತ್ತು ಬಿಡಿಸುವ ವಿಧಾನ. ಎಂಓವಿ ಡಬ್ಬಿಯಲ್ಲಿ ಎಚ್.264 ಇರಬಹುದು, ಪ್ರೋರೆಸ್ 4444 ಕೂಡ ಇರಬಹುದು. ಇವೆರಡರ ನಡುವೆ ಅಜಗಜಾಂತರ. ‘ಎಂಓವಿ ಕಳಿಸಿ’ ಎಂದು ಕೇಳಿದರೆ ಸಾಲದು, ಕೋಡೆಕ್ ಹೆಸರನ್ನೂ ಹೇಳಬೇಕು.

2003ರಲ್ಲಿ ಬಂದ ಎಚ್.264, ಅದರ ನಂತರ 2013ರಲ್ಲಿ ಬಂದ ಎಚ್.265 ನೋಡುಗರಿಗಾಗಿ ರೂಪುಗೊಂಡವು. ಮನುಷ್ಯನ ಕಣ್ಣು ಬೆಳಕಿನ ವ್ಯತ್ಯಾಸವನ್ನು ಚುರುಕಾಗಿ ಹಿಡಿಯುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟಾಗಿ ಗಮನಿಸುವುದಿಲ್ಲ. ಇದರ ಲಾಭ ಪಡೆದು ಈ ಕೋಡೆಕ್‌ಗಳು ಸಾಮಾನ್ಯವಾಗಿ 4:2:0 ಎಂಬ ಕ್ರಮದಲ್ಲಿ ಬಣ್ಣವನ್ನು ಕತ್ತರಿಸುತ್ತವೆ. 1920×1080ರ ಚಿತ್ರದಲ್ಲಿ ಬೆಳಕಿನ ಮಾಹಿತಿ ಪೂರ್ತಿ ಇರುತ್ತದೆ, ಬಣ್ಣದ ಮಾಹಿತಿ ಮಾತ್ರ 960×540ಕ್ಕೆ ಇಳಿದಿರುತ್ತದೆ. ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ. ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಆದರೆ ಗ್ರೀನ್ ಮ್ಯಾಟ್ ತೆಗೆಯುವ ಕೀಯರ್ ನೆಚ್ಚಿಕೊಂಡಿರುವುದು ಬಣ್ಣವನ್ನೇ! ನಾಯಕಿಯ ಹಾರುವ ಕೂದಲ ಎಳೆ ಒಂದು ಪಿಕ್ಸೆಲ್ ದಪ್ಪ, ಬಣ್ಣದ ಚೌಕ ಎರಡು ಪಿಕ್ಸೆಲ್ ಅಗಲ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರುವುದು ಇದರಿಂದಲೇ. 4:2:2 ಕ್ರಮದಲ್ಲಿ ಅಡ್ಡಲಾಗಿ ಮಾತ್ರ ಬಣ್ಣ ಅರ್ಧವಾಗುತ್ತದೆ. 4:4:4ರಲ್ಲಿ ಏನೂ ಕಡಿತವಿಲ್ಲ.

ಎರಡನೆಯದು ಬಿಟ್ ಲೆಕ್ಕ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳು, 10 ಬಿಟ್‌ನಲ್ಲಿ 1024, 12 ಬಿಟ್‌ನಲ್ಲಿ 4096. ಶೂಟ್ ಮಾಡಿದ್ದನ್ನು ಹಾಗೇ ತೋರಿಸುವುದಾದರೆ 8 ಬಿಟ್ ಸಾಕಾದೀತು. ಆದರೆ ಹಗಲಿನ ಆಕಾಶವನ್ನು ಸಂಜೆಯಾಗಿಸಿ, ಅದರ ಮೇಲೆ ಹೊಗೆ ಕೂರಿಸಿ, ಕೊನೆಗೆ ಡಿಐನಲ್ಲಿ (ಅಂತಿಮ ಬಣ್ಣ ಹೊಂದಿಸುವ ಹಂತ) ಬಣ್ಣ ತಿರುಗಿಸಿದಾಗ ಆ 256 ಹಂತಗಳು ಹಿಗ್ಗಿ ಆಕಾಶದಲ್ಲಿ ಪಟ್ಟೆಗಳಾಗಿ ಕಾಣಿಸಿಕೊಳ್ಳುತ್ತವೆ.

ಮೂರನೆಯದು ಫ್ರೇಮ್‌ಗಳ ನಡುವಿನ ನಂಟು. ಜಾಗ ಉಳಿಸಲು ಎಚ್.264 ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಆಗೊಂದು ಈಗೊಂದು ಪೂರ್ಣ ಫ್ರೇಮ್ ಬರೆದು, ನಡುವಿನವುಗಳಿಗೆ ‘ಹಿಂದಿನದಕ್ಕಿಂತ ಏನು ಬದಲಾಯಿತು’ ಎಂಬ ಟಿಪ್ಪಣಿಯನ್ನಷ್ಟೇ ಇಡುತ್ತದೆ. ಆದ್ದರಿಂದಲೇ ಟೈಮ್‌ಲೈನ್‌ನಲ್ಲಿ ಹಿಂದೆ ಮುಂದೆ ಎಳೆದಾಡುವಾಗ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಒಂದು ಫ್ರೇಮ್ ತೋರಿಸಲು ಅದು ಹಲವು ಫ್ರೇಮ್ ಬಿಡಿಸಬೇಕು. ಆಪಲ್ 2007ರಲ್ಲಿ ತಂದ ಪ್ರೋರೆಸ್, ಅವಿಡ್‌ನ ಡಿಎನ್‌ಎಕ್ಸ್‌ಎಚ್‌ಡಿ ಮತ್ತು ಡಿಎನ್‌ಎಕ್ಸ್‌ಎಚ್‌ಆರ್ ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಬರೆಯುತ್ತವೆ. ಫೈಲ್ ದೊಡ್ಡದಾಗುತ್ತದೆ, ಕೆಲಸ ಹಗುರವಾಗುತ್ತದೆ.

ಶೂಟಿಂಗ್ ದಿನದ ತೀರ್ಮಾನಗಳು

ರಾ ದಾಖಲಿಸುವ ಅನುಕೂಲವಿದ್ದರೆ ಗೊಂದಲವೇ ಇಲ್ಲ. ಇಲ್ಲದಿದ್ದರೆ 10 ಬಿಟ್ 4:2:2 ಕನಿಷ್ಠ ಗುರಿಯಾಗಿರಲಿ. ಪ್ಯಾನಸಾನಿಕ್ ಜಿಎಚ್‌5 2017ರಲ್ಲೇ ಇದನ್ನು ಕ್ಯಾಮೆರಾ ಒಳಗೇ ಕೊಟ್ಟಿತು. ಈಗ ಮಧ್ಯಮ ಬೆಲೆಯ ಅನೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸಿಗುತ್ತದೆ. ಮೆನುವಿನಲ್ಲಿ ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಬರೆಯುವ ‘ಆಲ್ ಇಂಟ್ರಾ’ ಎಂಬ ಆಯ್ಕೆ ಇದ್ದರೆ ವಿಎಫ್‌ಎಕ್ಸ್ ಶಾಟ್‌ಗಳಿಗೆ ಅದೇ ಇರಲಿ. 8 ಬಿಟ್‌ನಲ್ಲಿ 8ಕೆ ಬೇಕೋ, 10 ಬಿಟ್‌ನಲ್ಲಿ 4ಕೆ ಬೇಕೋ ಎಂಬ ಪ್ರಶ್ನೆ ಬಂದರೆ ಎರಡನೆಯದನ್ನೇ ಹಿಡಿಯಿರಿ.

ಇರುವ ಕ್ಯಾಮೆರಾ 8 ಬಿಟ್ 4:2:0 ಮಾತ್ರ ಕೊಡುತ್ತದೆಯೇ? ಆಗ ಎರಡು ಉಪಾಯಗಳಿವೆ. ಒಂದು, 4ಕೆಯಲ್ಲಿ ತೆಗೆದು 1080ಕ್ಕೆ ಇಳಿಸಿ ಕೆಲಸ ಮಾಡುವುದು. 3840×2160 ಚಿತ್ರದಲ್ಲಿ ಬಣ್ಣದ ಮಾಹಿತಿ 1920×1080 ಇರುವುದರಿಂದ, ಇಳಿಸಿದ ಮೇಲೆ ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣ ಸಿಕ್ಕಂತಾಗುತ್ತದೆ, ಕೀಯಿಂಗ್ ಗಮನಾರ್ಹವಾಗಿ ಸುಧಾರಿಸುತ್ತದೆ. ಎರಡು, 8 ಬಿಟ್‌ನಲ್ಲಿ ಲಾಗ್ ಪ್ರೊಫೈಲ್ ಬಳಸದಿರುವುದು. ಎಸ್‌-ಲಾಗ್3, ವಿ-ಲಾಗ್‌ನಂಥವು ಬೆಳಕಿನ ವಿಶಾಲ ವ್ಯಾಪ್ತಿಯನ್ನು ಕಡಿಮೆ ಜಾಗಕ್ಕೆ ಒತ್ತುತ್ತವೆ. ಹಂತಗಳೇ 256 ಇರುವಾಗ ಒತ್ತಿದ್ದನ್ನು ಮತ್ತೆ ಹಿಗ್ಗಿಸಿದರೆ ಪಟ್ಟೆಗಳು ಖಚಿತ.

ಇನ್ನು ಸೆಟ್ಟಿಂಗ್‌ಗಳು. ಕ್ಯಾಮೆರಾದೊಳಗಿನ ಶಾರ್ಪ್‌ನೆಸ್ ಮತ್ತು ನಾಯ್ಸ್ ರಿಡಕ್ಷನ್ ಎರಡನ್ನೂ ಆದಷ್ಟು ತಗ್ಗಿಸಿ. ಶಾರ್ಪ್‌ನೆಸ್ ಅಂಚುಗಳ ಸುತ್ತ ಗೆರೆ ಎಳೆಯುತ್ತದೆ, ಆ ಗೆರೆಯನ್ನು ಕೀಯರ್ ನಟನ ಭಾಗವೆಂದೇ ಭಾವಿಸುತ್ತದೆ. ಟ್ರ್ಯಾಕಿಂಗ್ ಮಾಡಬೇಕಾದ ಶಾಟ್‌ಗಳಲ್ಲಿ ಸ್ಟೆಬಿಲೈಸೇಷನ್ ಆಫ್ ಇರಲಿ. ಸೆನ್ಸರ್ ಒಳಗೇ ಅಲುಗಾಡಿದರೆ, ಮ್ಯಾಚ್‌ಮೂವ್ ಮಾಡುವ ಸಾಫ್ಟ್‌ವೇರ್‌ಗೆ ಕ್ಯಾಮೆರಾ ಎಲ್ಲಿತ್ತು ಎಂಬ ಲೆಕ್ಕವೇ ತಪ್ಪುತ್ತದೆ. ಸ್ಟೆಬಿಲೈಸ್ ಮಾಡುವುದಿದ್ದರೆ ಆಮೇಲೆ ಮಾಡಿಕೊಳ್ಳಬಹುದು.

ನಮ್ಮ ದೇಶದಲ್ಲಿ ದುಡಿಯುವವರು ಮರೆಯಬಾರದ ಒಂದು ಲೆಕ್ಕವಿದೆ. ನಮ್ಮ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸಿನಿಮಾದ 24 ಫ್ರೇಮ್‌ಗೆ ವಾಡಿಕೆಯ ಶಟರ್ 1/48 ಸೆಕೆಂಡ್. ಇದು 50 ಹರ್ಟ್ಸ್ ಜೊತೆ ಸರಿಯಾಗಿ ಕೂಡುವುದಿಲ್ಲ, ಸಾಮಾನ್ಯ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಕೆಳಗೆ ಬೆಳಕು ಅಲೆಯಾಡಬಹುದು. ಶಟರ್ 1/50 ಇಟ್ಟರೆ, ಕೋನದ ಲೆಕ್ಕದಲ್ಲಿ 172.8 ಡಿಗ್ರಿ ಇಟ್ಟರೆ, ಈ ಕಾಟ ತಪ್ಪುತ್ತದೆ. ಮ್ಯಾಟ್ ಮೇಲಿನ ಬೆಳಕು ಫ್ರೇಮಿನಿಂದ ಫ್ರೇಮಿಗೆ ಬದಲಾದರೆ ಒಂದೇ ಕೀ ಇಡೀ ಶಾಟ್‌ಗೆ ಒಪ್ಪುವುದಿಲ್ಲ.

ಗ್ರೀನ್ ಮ್ಯಾಟ್‌ಗೆ ಹಸಿರೇ ಏಕೆ ಎಂದರೆ, ಸಾಮಾನ್ಯ ಬೇಯರ್ ಸೆನ್ಸರ್‌ನಲ್ಲಿ ಅರ್ಧದಷ್ಟು ಕಣಗಳು ಹಸಿರಿಗೇ ಮೀಸಲು, ಅಲ್ಲಿ ನಾಯ್ಸ್ ಕಡಿಮೆ. ಬಟ್ಟೆಯ ಮೇಲೆ ಬೆಳಕು ಸಮನಾಗಿರಲಿ, ಸುಕ್ಕಿಲ್ಲದಿರಲಿ, ನಟ ಅದರಿಂದ ಸಾಕಷ್ಟು ದೂರ ನಿಲ್ಲಲಿ. ಹತ್ತಿರ ನಿಂತರೆ ಹಸಿರು ಮುಖದ ಅಂಚಿಗೆ, ಬಿಳಿ ಅಂಗಿಗೆ ಚೆಲ್ಲುತ್ತದೆ.

ಶಾಟ್ ಮುಗಿದೊಡನೆ ಕ್ಯಾಮೆರಾ ಎತ್ತಿಬಿಡಬೇಡಿ. ನಟರಿಲ್ಲದ ಖಾಲಿ ದೃಶ್ಯದ ಕ್ಲೀನ್ ಪ್ಲೇಟ್ ಒಂದು ತೆಗೆದುಕೊಳ್ಳಿ. ಕಲರ್ ಚಾರ್ಟ್, ಬೂದು ಗೋಳ, ಕನ್ನಡಿಯಂತೆ ಹೊಳೆಯುವ ಗೋಳ ಇವನ್ನು ನಟ ನಿಂತ ಜಾಗದಲ್ಲಿ ಹಿಡಿದು ದಾಖಲಿಸಿ. ಬೆಳಕು ಯಾವ ಕಡೆಯಿಂದ, ಎಷ್ಟು ಗಡುಸಾಗಿ ಬಂದಿತ್ತು ಎಂಬುದನ್ನು 3ಡಿ ಕಲಾವಿದರಿಗೆ ಹೇಳುವುದು ಇವೇ. ಲೆನ್ಸ್ ಎಷ್ಟು ಮಿಲಿಮೀಟರ್, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ನಟ ಎಷ್ಟು ದೂರ ಎಂಬ ಮೂರು ಅಂಕಿಗಳು ಡೈರಿಯಲ್ಲಿದ್ದರೆ ಮ್ಯಾಚ್‌ಮೂವ್ ಕಲಾವಿದ ನಿಮ್ಮನ್ನು ಹರಸುತ್ತಾನೆ.

ಫೋನಿನಲ್ಲಿ ತೆಗೆಯುವವರಿಗೆ

ಫೋನಿನ ದೊಡ್ಡ ತೊಡಕು ಗುಣಮಟ್ಟಕ್ಕಿಂತ ಹೆಚ್ಚಾಗಿ ಫ್ರೇಮ್ ವೇಗದ್ದು. ಅನೇಕ ಫೋನ್‌ಗಳು ಬೆಳಕು ಕಡಿಮೆಯಾದಾಗ, ಬಿಸಿಯೇರಿದಾಗ ಫ್ರೇಮ್ ವೇಗವನ್ನು ತಾವೇ ಹೆಚ್ಚುಕಡಿಮೆ ಮಾಡುತ್ತವೆ. ನೋಡುವಾಗ ಗೊತ್ತಾಗದಿದ್ದರೂ ಎಡಿಟಿಂಗ್‌ನಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ, ಕಾಂಪೋಸಿಟಿಂಗ್ ಸಾಫ್ಟ್‌ವೇರ್ ಎಣಿಸುವ ಫ್ರೇಮಿಗೂ ಎಡಿಟರ್ ಎಣಿಸುವ ಫ್ರೇಮಿಗೂ ತಾಳೆಯಾಗುವುದಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್ ಬಳಸಿ ಫ್ರೇಮ್ ವೇಗ, ಶಟರ್, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲವನ್ನೂ ಲಾಕ್ ಮಾಡಿ. ಈಗಾಗಲೇ ತೆಗೆದಾಗಿದ್ದರೆ ಬೇರೇನೂ ಮಾಡುವ ಮೊದಲು ಎಫ್‌ಎಫ್‌ಎಂಪೆಗ್ ಅಥವಾ ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ಪರಿವರ್ತಿಸಿಕೊಳ್ಳಿ. ಐಫೋನ್ ಪ್ರೊ ಮಾದರಿಗಳಲ್ಲಿ 2021ರಿಂದ ಪ್ರೋರೆಸ್, 2023ರಿಂದ ಲಾಗ್ ಸೌಲಭ್ಯವಿದೆ, ಇದ್ದವರು ಬಳಸಿ.

ಫೂಟೇಜನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊವಾಗಿ ಎಂದಿಗೂ ಕಳಿಸಬೇಡಿ. ಅದು ಮತ್ತೊಮ್ಮೆ ಹಿಂಡಿಯೇ ಮುಂದೆ ದಾಟಿಸುವುದು.

ಸಂಕಲನಕ್ಕೆ ಹಗುರ ಪ್ರತಿ

ಎಡಿಟರ್‌ಗೆ ಬೇಕಿರುವುದು ವೇಗ. ಲಯ ಹುಡುಕುವಾಗ ಪಿಕ್ಸೆಲ್ ಎಣಿಸುವವರಿಲ್ಲ. ಆದ್ದರಿಂದ ಮೂಲ ಫೂಟೇಜ್‌ನಿಂದ ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿಯಂಥ ಹಗುರ ಪ್ರತಿಗಳನ್ನು ತಯಾರಿಸಿ ಅವುಗಳಲ್ಲೇ ಕತ್ತರಿಸಿ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಎರಡೂ ಇದನ್ನು ತಾವೇ ಮಾಡಿಕೊಡುತ್ತವೆ. ಲಾಗ್‌ನಲ್ಲಿ ತೆಗೆದಿದ್ದರೆ ಪ್ರಾಕ್ಸಿಗೆ ಲಟ್ (ಬಣ್ಣ ಬದಲಾಯಿಸುವ ಕೋಷ್ಟಕ) ಹಾಕಿ ನೋಡಲು ಚೆಂದ ಮಾಡಿ. ಮೂಲಕ್ಕೆ ಮಾತ್ರ ಮುಟ್ಟಿಸಬೇಡಿ.

ಎರಡು ಷರತ್ತುಗಳು: ಪ್ರಾಕ್ಸಿಯ ಫೈಲ್ ಹೆಸರು ಮತ್ತು ಟೈಮ್‌ಕೋಡ್ ಮೂಲದ್ದೇ ಆಗಿರಬೇಕು. ಕಾರ್ಡಿನಿಂದ ಬಂದ ಹೆಸರನ್ನು ‘ಸೀನ್ ಎರಡು ಒಳ್ಳೇದು’ ಎಂದು ಬದಲಾಯಿಸಿದ ದಿನವೇ ಕಾನ್ಫಾರ್ಮ್, ಅಂದರೆ ಎಡಿಟನ್ನು ಮತ್ತೆ ಮೂಲ ಫೂಟೇಜ್‌ಗೆ ಜೋಡಿಸುವ ಕೆಲಸ, ಕೆಟ್ಟಿತು ಎಂದು ತಿಳಿಯಿರಿ.

ಪ್ರಾಜೆಕ್ಟ್‌ನ ಫ್ರೇಮ್ ವೇಗವನ್ನೂ ಮೊದಲ ದಿನವೇ ಗಟ್ಟಿ ಮಾಡಿ. 24 ಮತ್ತು 23.976 ಒಂದೇ ಎಂದು ಭಾವಿಸಿ ಬೆರೆಸುವವರಿದ್ದಾರೆ. ಒಂದು ಗಂಟೆಯ ಚಿತ್ರದಲ್ಲಿ ಇವೆರಡರ ನಡುವೆ 3.6 ಸೆಕೆಂಡ್ ಅಂತರ ಬೀಳುತ್ತದೆ. ಥಿಯೇಟರ್‌ಗೆ ಹೋಗುವುದಾದರೆ 24, ನಮ್ಮ ಟಿವಿಗೆ ಮಾತ್ರವಾದರೆ 25. ಕ್ಯಾಮೆರಾ, ಟೈಮ್‌ಲೈನ್, 3ಡಿ ಸಾಫ್ಟ್‌ವೇರ್ ಮೂರರಲ್ಲೂ ಅದೇ ಅಂಕಿ ಇರಬೇಕು.

ಲಾಕ್ ಆದಮೇಲೆ ಹಸ್ತಾಂತರ

ವಿಎಫ್‌ಎಕ್ಸ್ ಫ್ರೇಮ್ ಲೆಕ್ಕದಲ್ಲಿ ದುಡ್ಡು ತಿನ್ನುವ ಕೆಲಸ. ‘ದಿ ಕ್ರಿಯೇಟರ್’ ತಂಡ ನಿಜವಾದ ಸ್ಥಳಗಳಲ್ಲಿ ಚಿತ್ರೀಕರಿಸಿ, ಸಂಕಲಿಸಿ, ಆಮೇಲೆ ಆ ಫ್ರೇಮ್‌ಗಳ ಮೇಲೆ ಲೋಕವನ್ನು ವಿನ್ಯಾಸ ಮಾಡುವ ದಾರಿ ಹಿಡಿಯಿತು. ಅದೇ ವರ್ಷದ ಜಪಾನಿನ ‘ಗಾಡ್ಜಿಲಾ ಮೈನಸ್ ಒನ್’ 610 ವಿಎಫ್‌ಎಕ್ಸ್ ಶಾಟ್‌ಗಳನ್ನು 35 ಕಲಾವಿದರ ಪುಟ್ಟ ತಂಡದಲ್ಲಿ ಮುಗಿಸಿತು. ಅಲ್ಲಿ ನಿರ್ದೇಶಕ ತಕಾಶಿ ಯಮಝಾಕಿಯೇ ವಿಎಫ್‌ಎಕ್ಸ್ ಮೇಲ್ವಿಚಾರಕ, ತೀರ್ಮಾನಗಳು ಅಲ್ಲಲ್ಲೇ ಆಗುತ್ತಿದ್ದವು. 2024ರ ಆಸ್ಕರ್‌ನ ವಿಎಫ್‌ಎಕ್ಸ್ ವಿಭಾಗದಲ್ಲಿ ಎರಡೂ ಸ್ಪರ್ಧೆಯಲ್ಲಿದ್ದವು, ಪ್ರಶಸ್ತಿ ಗಾಡ್ಜಿಲಾಗೆ ಹೋಯಿತು. ಇಬ್ಬರಿಂದಲೂ ಕಲಿಯಬೇಕಾದದ್ದು ಒಂದೇ: ಯಾವ ಫ್ರೇಮ್ ಉಳಿಯುತ್ತದೆ ಎಂದು ಗೊತ್ತಾಗುವ ಮುನ್ನ ಅದರ ಮೇಲೆ ದುಡಿಯಬೇಡಿ. ಇಡೀ ಚಿತ್ರದ ಸಂಕಲನ ಲಾಕ್ ಆಗುವವರೆಗೆ ಕಾಯಲಾಗದಿದ್ದರೆ ವಿಎಫ್‌ಎಕ್ಸ್ ಇರುವ ಸೀನ್‌ಗಳನ್ನಾದರೂ ಮೊದಲು ಲಾಕ್ ಮಾಡಿ. ಅಲ್ಲಿಯವರೆಗೆ ಟೈಮ್‌ಲೈನ್‌ನಲ್ಲಿ ಕಚ್ಚಾ ಕಾಂಪ್ ಒಂದಿರಲಿ, ಅವಧಿ ಅಂದಾಜಾಗುತ್ತದೆ.

ಲಾಕ್ ಆದಮೇಲೆ ಪ್ರತಿ ಶಾಟ್‌ಗೂ ಹೆಸರು ಕೊಡಿ. ಚಿತ್ರದ ಸಂಕೇತ, ಸೀನ್, ಶಾಟ್ ಹೀಗೆ. ಶಾಟ್ ಸಂಖ್ಯೆ 0010, 0020, 0030 ಎಂದು ಹತ್ತರ ಅಂತರದಲ್ಲಿ ಸಾಗಲಿ. ನಾಳೆ ನಡುವೆ ಒಂದು ಶಾಟ್ ಸೇರಿದರೆ 0015 ಎಂದು ಕೂರಿಸಬಹುದು. ಪ್ರತಿ ಶಾಟ್‌ನ ಎರಡೂ ತುದಿಗೆ 8ರಿಂದ 12 ಫ್ರೇಮ್ ಹ್ಯಾಂಡಲ್ ಬಿಡಿ. ಎಡಿಟರ್ ಕೊನೆಗಳಿಗೆಯಲ್ಲಿ ನಾಲ್ಕು ಫ್ರೇಮ್ ಎಳೆದರೂ ಕೆಲಸ ಹಾಳಾಗದು. ಫ್ರೇಮ್ ಎಣಿಕೆ 1001ರಿಂದ ಶುರುವಾಗುವುದು ಈ ಉದ್ಯಮದ ರೂಢಿ. ಶಾಟ್‌ನ ಮುಂಭಾಗಕ್ಕೆ ಇನ್ನಷ್ಟು ಫ್ರೇಮ್ ಸೇರಿಸಬೇಕಾದರೂ, ಧೂಳು ನೀರಿನ ಸಿಮ್ಯುಲೇಷನ್ ಮೊದಲೇ ಶುರುವಾಗಬೇಕಾದರೂ ಎಣಿಕೆ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ.

ಪ್ಲೇಟ್, ಅಂದರೆ ವಿಎಫ್‌ಎಕ್ಸ್‌ಗೆ ಕಳಿಸುವ ಶಾಟ್, ತೆಗೆಯುವುದು ಯಾವಾಗಲೂ ಮೂಲ ಫೂಟೇಜ್‌ನಿಂದ. ಪ್ರಾಕ್ಸಿಯಿಂದ ಅಲ್ಲವೇ ಅಲ್ಲ. ಎಡಿಟರ್ ಮಾಡಿದ ಜೂಮ್, ಸ್ಪೀಡ್ ಬದಲಾವಣೆ, ತಿರುವು ಇವುಗಳ ವಿವರವನ್ನು ಪ್ರತ್ಯೇಕ ಪಟ್ಟಿಯಲ್ಲಿ ಕೊಡಿ. ಜೊತೆಗೆ ಆ ಶಾಟ್ ಎಡಿಟ್‌ನಲ್ಲಿ ಹೇಗೆ ಕಾಣುತ್ತದೆ ಎಂಬ ಸಣ್ಣ ಎಚ್.264 ನಕಲು, ಮತ್ತು ಟೈಮ್‌ಲೈನ್‌ನ ಇಡಿಎಲ್ ಅಥವಾ ಎಕ್ಸ್‌ಎಂಎಲ್ ಇರಲಿ.

ಇಎಕ್ಸ್‌ಆರ್ ಯಾಕೆ, ಯಾವಾಗ?

ದೊಡ್ಡ ಸ್ಟುಡಿಯೊಗಳಲ್ಲಿ ಪ್ಲೇಟ್ ಮತ್ತು ರೆಂಡರ್ ಓಡಾಡುವುದು ಓಪನ್‌ಇಎಕ್ಸ್‌ಆರ್ ಫ್ರೇಮ್‌ಗಳಾಗಿ. ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಸಂಸ್ಥೆ ತನ್ನ ಕೆಲಸಕ್ಕೆಂದು ರೂಪಿಸಿಕೊಂಡ ಇದನ್ನು 2003ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಹ್ಯಾರಿ ಪಾಟರ್ ಸರಣಿಯ ಮೊದಲ ಚಿತ್ರ ಇದನ್ನು ಮೊದಲಿಗೆ ಬಳಸಿದ ಸಿನಿಮಾಗಳಲ್ಲೊಂದು.

ಇದರ ಬಲ ಮೂರು. ಒಂದು, 16 ಬಿಟ್ ಫ್ಲೋಟ್. ಸಾಮಾನ್ಯ ವಿಡಿಯೊದಲ್ಲಿ ಬಿಳಿ ಎಂದರೆ ಅಲ್ಲಿಗೆ ಮುಗಿಯಿತು, ಅದಕ್ಕಿಂತ ಪ್ರಖರವಾದದ್ದಿಲ್ಲ. ಇಎಕ್ಸ್‌ಆರ್‌ನಲ್ಲಿ ಸೂರ್ಯ, ಬಿಳಿ ಗೋಡೆಗಿಂತ ನೂರಾರು ಪಟ್ಟು ಪ್ರಖರವಾಗಿಯೇ ಉಳಿಯಬಲ್ಲ. ಸ್ಫೋಟದ ದೃಶ್ಯವನ್ನು ಡಿಐನಲ್ಲಿ ಕತ್ತಲು ಮಾಡಿದಾಗ ಬೆಂಕಿಯೊಳಗಿನ ವಿವರ ಹೊರಬರುವುದು ಇದರಿಂದ. ಎರಡು, ಒಂದೇ ಫೈಲಿನಲ್ಲಿ ನೆರಳು, ಪ್ರತಿಫಲನ, ಆಳ, ವಸ್ತುಗಳನ್ನು ಬೇರ್ಪಡಿಸುವ ಕ್ರಿಪ್ಟೋಮ್ಯಾಟ್ ಎಲ್ಲ ಪದರಗಳೂ ಕೂರುತ್ತವೆ. ಮೂರು, ಪ್ರತಿ ಫ್ರೇಮ್ ಬೇರೆ ಫೈಲ್ ಆಗಿರುವುದು. ರಾತ್ರಿ ರೆಂಡರ್ ಹಾಕಿ ಮಲಗಿದಾಗ ಕರೆಂಟ್ ಹೋದರೆ ವಿಡಿಯೊ ಫೈಲ್ ಪೂರ್ತಿ ಕೆಡಬಹುದು. ಫ್ರೇಮ್‌ಗಳಾದರೆ ನಿಂತಲ್ಲಿಂದ ಮುಂದುವರಿಸಬಹುದು. 1057ನೇ ಫ್ರೇಮ್ ಮಾತ್ರ ಕೆಟ್ಟಿದ್ದರೆ ಅದೊಂದನ್ನೇ ಮತ್ತೆ ರೆಂಡರ್ ಮಾಡಬಹುದು.

ಒಳಗಿನ ಸಂಕುಚನಕ್ಕೆ ಸಿಜಿ ರೆಂಡರ್‌ಗಳಲ್ಲಿ ಜಿಪ್, ನಾಯ್ಸ್ ಇರುವ ಕ್ಯಾಮೆರಾ ಪ್ಲೇಟ್‌ಗಳಲ್ಲಿ ಪಿಜ್ ಚೆನ್ನಾಗಿ ಕೆಲಸ ಮಾಡುತ್ತವೆ, ಎರಡರಲ್ಲೂ ನಷ್ಟವಿಲ್ಲ. ಡಿಡಬ್ಲ್ಯುಎಎ ಫೈಲನ್ನು ತೀರಾ ಚಿಕ್ಕದಾಗಿಸುತ್ತದೆ, ಆದರೆ ನಷ್ಟವುಂಟು; ಕೀ ತೆಗೆಯಬೇಕಾದ ಪ್ಲೇಟ್‌ಗೆ ಬೇಡ.

ಹಾಗೆಂದು ಎಲ್ಲಕ್ಕೂ ಇಎಕ್ಸ್‌ಆರ್ ಬೇಕೆಂದಿಲ್ಲ. 8 ಬಿಟ್ ಕ್ಯಾಮೆರಾದಲ್ಲಿ ತೆಗೆದ ಐದು ನಿಮಿಷದ ಕಿರುಚಿತ್ರ, ಅದರಲ್ಲಿ ಹತ್ತು ಶಾಟ್‌ನ ಬೋರ್ಡ್ ಅಳಿಸುವ, ತಂತಿ ತೆಗೆಯುವ ಕೆಲಸ ಎಂದಾದರೆ ಪ್ರೋರೆಸ್ 4444 ಅಥವಾ ಡಿಎನ್‌ಎಕ್ಸ್‌ಎಚ್‌ಆರ್ 444 ಧಾರಾಳವಾಗಿ ಸಾಕು. ಇಲ್ಲೊಂದು ತಪ್ಪುಕಲ್ಪನೆ: ಎಚ್.264 ಫೂಟೇಜನ್ನು 4444ಕ್ಕೆ ಬದಲಾಯಿಸಿದರೆ ಗುಣಮಟ್ಟ ಹೆಚ್ಚುವುದಿಲ್ಲ. ಹೋದ ಬಣ್ಣ ಹೋದದ್ದೇ. ಅಲ್ಲಿಂದ ಮುಂದೆ ಇನ್ನಷ್ಟು ಹೋಗದಂತೆ ತಡೆಯುವುದಷ್ಟೇ ಇದರ ಪ್ರಯೋಜನ.

ಬಣ್ಣದ ಲೆಕ್ಕ ತಪ್ಪದಿರಲಿ

ವಿಎಫ್‌ಎಕ್ಸ್ ಮುಗಿದು ಬಂದ ಶಾಟ್ ಪಕ್ಕದ ಶಾಟ್‌ಗಿಂತ ತುಸು ಮಂಕಾಗಿ ಅಥವಾ ಗಾಢವಾಗಿ ಕಾಣುವುದು ಸಣ್ಣ ತಂಡಗಳ ಅತಿ ಸಾಮಾನ್ಯ ಗೋಳು. ಕಾರಣ, ನಡುವೆ ಎಲ್ಲೋ ಒಮ್ಮೆ ಲಟ್ ಅಂಟಿಕೊಂಡಿದೆ, ಅಥವಾ 16ರಿಂದ 235ರ ವಿಡಿಯೊ ವ್ಯಾಪ್ತಿಯನ್ನು ಸಾಫ್ಟ್‌ವೇರ್ 0ರಿಂದ 255 ಎಂದು ಓದಿಕೊಂಡಿದೆ.

ನಿಯಮ ಸರಳ. ಪ್ಲೇಟ್ ಯಾವ ಬಣ್ಣದ ವ್ಯಾಪ್ತಿಯಲ್ಲಿ ಹೋಯಿತೋ ಅದೇ ವ್ಯಾಪ್ತಿಯಲ್ಲಿ ಹಿಂತಿರುಗಬೇಕು. ಕಾಂಪೋಸಿಟರ್ ಲಟ್ ಹಾಕಿ ನೋಡಬಹುದು, ಅದನ್ನು ರೆಂಡರ್‌ನಲ್ಲಿ ಬೇಯಿಸಿಬಿಡಬಾರದು. ಗ್ರೇಡಿಂಗ್ ಯಾವಾಗಲೂ ಕೊನೆಗೆ, ವಿಎಫ್‌ಎಕ್ಸ್ ಮುಗಿದ ಮೇಲೆ. ಎರಡು ಮೂರು ಬಗೆಯ ಕ್ಯಾಮೆರಾ, ಜೊತೆಗೆ ಸಿಜಿ ಕೂಡ ಇದ್ದರೆ ಆಸ್ಕರ್ ಅಕಾಡೆಮಿ 2014ರಲ್ಲಿ ಮೊದಲ ಆವೃತ್ತಿ ತಂದ ಏಸಸ್ ಪದ್ಧತಿ ನೆರವಾಗುತ್ತದೆ. ಎಲ್ಲ ಮೂಲಗಳನ್ನೂ ಅದು ಒಂದೇ ಬಣ್ಣದ ವ್ಯಾಪ್ತಿಗೆ ತರುತ್ತದೆ.

ಕೆಲಸ ಶುರುಮಾಡುವ ಮೊದಲೇ ಒಂದು ಪರೀಕ್ಷೆ ಮಾಡಿ. ಒಂದು ಪ್ಲೇಟನ್ನು ಕಾಂಪೋಸಿಟಿಂಗ್ ಸಾಫ್ಟ್‌ವೇರ್‌ಗೆ ಒಯ್ದು, ಏನೂ ಮಾಡದೆ ಹಾಗೇ ರೆಂಡರ್ ಮಾಡಿ, ಟೈಮ್‌ಲೈನ್‌ನಲ್ಲಿ ಮೂಲದ ಮೇಲಿಟ್ಟು ಡಿಫರೆನ್ಸ್ ಮೋಡ್ ಹಾಕಿ. ಪರದೆ ಪೂರ್ತಿ ಕಪ್ಪಾದರೆ ದಾರಿ ಸರಿಯಿದೆ. ಆಕೃತಿ ಕಾಣಿಸಿದರೆ ಬಣ್ಣದ ಸೆಟ್ಟಿಂಗ್ ತಪ್ಪಿದೆ, ಇಲ್ಲವೇ ಫ್ರೇಮ್ ಒಂದು ಜಾರಿದೆ.

ಸಾಫ್ಟ್‌ವೇರ್‌ಗಳ ಚಾಳಿಗಳನ್ನೂ ಅರಿತಿರಿ. ಆಫ್ಟರ್ ಎಫೆಕ್ಟ್ಸ್ ಹೊಸ ಪ್ರಾಜೆಕ್ಟನ್ನು 8 ಬಿಟ್‌ನಲ್ಲಿ ತೆರೆಯುತ್ತದೆ. 16 ಅಥವಾ 32ಕ್ಕೆ ನೀವೇ ಏರಿಸಬೇಕು, ಇಲ್ಲವಾದರೆ 10 ಬಿಟ್ ಕ್ಯಾಮೆರಾಕ್ಕೆ ಕೊಟ್ಟ ದುಡ್ಡು ಅಲ್ಲೇ ನೀರುಪಾಲು. ಬ್ಲೆಂಡರ್ 4.0ರಿಂದ ಏಜಿಎಕ್ಸ್ ಎಂಬ ನೋಟದ ಪದ್ಧತಿ ತಾನಾಗಿಯೇ ಆನ್ ಇರುತ್ತದೆ. ಅದು ಸಿಜಿಗೆ ಚೆಂದ, ಆದರೆ ಸಾಮಾನ್ಯ ವಿಡಿಯೊವನ್ನು ಹಿನ್ನೆಲೆಗೆ ಹಾಕಿ ರೆಂಡರ್ ಮಾಡಿದರೆ ಬಣ್ಣ ಪೇಲವವಾಗುತ್ತದೆ. ಅಂಥಲ್ಲಿ ‘ಸ್ಟ್ಯಾಂಡರ್ಡ್’ ಆರಿಸಿ, ಇಲ್ಲವೇ ಸಿಜಿಯನ್ನು ಮಾತ್ರ ಇಎಕ್ಸ್‌ಆರ್‌ಗೆ ತೆಗೆದು ಬೇರೆಡೆ ಕೂಡಿಸಿ. ನ್ಯೂಕ್ ಆರಂಭದಿಂದಲೇ 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಹಾಕುತ್ತದೆ. ಕಲಿಯುವವರಿಗಿರುವ ಅದರ ಉಚಿತ ಆವೃತ್ತಿ 1920×1080ಕ್ಕೆ ಸೀಮಿತ. ಉಚಿತ ರಿಸಾಲ್ವ್ 3840×2160ರವರೆಗೆ ರೆಂಡರ್ ಕೊಡುತ್ತದೆ, ಜೊತೆಗೆ ಫ್ಯೂಷನ್ ಕಾಂಪೋಸಿಟಿಂಗ್ ಅದರೊಳಗೇ ಇದೆ. ಹೊಸದಾಗಿ ಶುರುಮಾಡುವ ತಂಡಕ್ಕೆ ರಿಸಾಲ್ವ್ ಮತ್ತು ಬ್ಲೆಂಡರ್ ಜೋಡಿ ಸಾಕು.

ಹಿಂತಿರುಗಿ ಬಂದಾಗ

ಮುಗಿದ ಶಾಟ್‌ನ ಹೆಸರಿನ ಕೊನೆಯಲ್ಲಿ ವಿ001, ವಿ002 ಎಂದು ಆವೃತ್ತಿ ಸಂಖ್ಯೆ ಇರಲಿ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಹೆಸರುಗಳಿಂದ ಯಾರಿಗೂ ಒಳ್ಳೆಯದಾಗಿಲ್ಲ. ಹಳೆಯ ಆವೃತ್ತಿಯ ಮೇಲೆ ಹೊಸದನ್ನು ಬರೆಯಬೇಡಿ; ನಿರ್ದೇಶಕರಿಗೆ ಹಿಂದಿನದೇ ಇಷ್ಟವಾಗುವುದುಂಟು.

ಡಿನಾಯ್ಸ್ ಮಾಡಿದ ಪ್ಲೇಟ್‌ನಲ್ಲಿ ಕೀ ತೆಗೆದಿದ್ದರೆ ಕೊನೆಯಲ್ಲಿ ಮೂಲದ ನಾಯ್ಸ್ ಅಥವಾ ಗ್ರೇನ್ ಮರಳಿ ಸೇರಿಸಿ. ಸಿಜಿಗೆ ಅದೇ ಗ್ರೇನ್ ತಾಗದಿದ್ದರೆ ಅದು ಅಂಟಿಸಿದಂತೆ ಕಾಣುತ್ತದೆ. ಪಾರದರ್ಶಕ ಹಿನ್ನೆಲೆಯ ಎಲಿಮೆಂಟ್ ಕಳಿಸುವಾಗ ಆಲ್ಫಾ ಇರುವ ಕೋಡೆಕ್ ಬೇಕು: ಪ್ರೋರೆಸ್ 4444 ಅಥವಾ ಇಎಕ್ಸ್‌ಆರ್. ಪ್ರೋರೆಸ್ 422 ಎಚ್‌ಕ್ಯೂನಲ್ಲಿ ಆಲ್ಫಾ ಇಲ್ಲ. ಅಂಚಿನಲ್ಲಿ ತೆಳುವಾದ ಕಪ್ಪು ಗೆರೆ ಕಂಡರೆ ಸ್ಟ್ರೈಟ್ ಮತ್ತು ಪ್ರೀಮಲ್ಟಿಪ್ಲೈಡ್ ಆಲ್ಫಾ ಅದಲುಬದಲಾಗಿದೆ ಎಂದರ್ಥ; ಸೆಟ್ಟಿಂಗ್ ಬದಲಾಯಿಸಿದರೆ ಸಾಕು, ಅಂಚನ್ನು ಕೈಯಾರೆ ಬಿಡಿಸುವ ರೋಟೋ ಮತ್ತೆ ಮಾಡಬೇಕಿಲ್ಲ.

ಡಿಸ್ಕ್ ಎಷ್ಟು ಬೇಕು?

3840×2160, 24 ಫ್ರೇಮ್ ಲೆಕ್ಕದಲ್ಲಿ ಒಂದು ಗಂಟೆಯ ಫೂಟೇಜ್‌ಗೆ ಸುಮಾರಾಗಿ ಬೇಕಾಗುವ ಜಾಗ:

- ಪ್ರೋರೆಸ್ ಪ್ರಾಕ್ಸಿ: 65 ಜಿಬಿ
- ಪ್ರೋರೆಸ್ 422 ಎಚ್‌ಕ್ಯೂ: 318 ಜಿಬಿ
- ಪ್ರೋರೆಸ್ 4444: 477 ಜಿಬಿ

1920×1080 ಪ್ರಾಕ್ಸಿ ಸಾಕೆಂದರೆ ಗಂಟೆಗೆ 16 ಜಿಬಿಯಲ್ಲಿ ಮುಗಿಯುತ್ತದೆ. ಇಎಕ್ಸ್‌ಆರ್‌ಗೆ ಲೆಕ್ಕ ಬೇರೆ. 3840×2160ರ ಒಂದು ಫ್ರೇಮ್, ಮೂರು ಬಣ್ಣ, ತಲಾ ಎರಡು ಬೈಟ್ ಎಂದರೆ ಹಿಂಡುವ ಮುನ್ನ ಸುಮಾರು 50 ಎಂಬಿ. ಹತ್ತು ಸೆಕೆಂಡಿನ ಶಾಟ್‌ಗೆ 240 ಫ್ರೇಮ್, ಸುಮಾರು 12 ಜಿಬಿ. ಜಿಪ್ ಅಥವಾ ಪಿಜ್ ಇದನ್ನು ತಗ್ಗಿಸುತ್ತದೆ. ಇಡೀ ಫೂಟೇಜನ್ನು ಇಎಕ್ಸ್‌ಆರ್ ಮಾಡದೆ, ಲಾಕ್ ಆದ ಶಾಟ್‌ಗಳನ್ನು ಹ್ಯಾಂಡಲ್ ಸಮೇತ ಮಾತ್ರ ಪರಿವರ್ತಿಸುವುದು ಇದಕ್ಕಾಗಿಯೇ.

ಡಿಸ್ಕಿನ ವೇಗವೂ ಮುಖ್ಯ. ಹಿಂಡದ ಇಂಥ ಫ್ರೇಮ್‌ಗಳನ್ನು ಸರಾಗವಾಗಿ ಓಡಿಸಲು ಸೆಕೆಂಡಿಗೆ ಸುಮಾರು 1.2 ಜಿಬಿ ಓದಬಲ್ಲ ಎಸ್‌ಎಸ್‌ಡಿ ಬೇಕು. ತಿರುಗುವ ಹಾರ್ಡ್‌ಡಿಸ್ಕ್ ಬ್ಯಾಕಪ್‌ಗಷ್ಟೇ ಇರಲಿ. ಮೂಲ ಫೂಟೇಜ್‌ಗೆ ಮೂರು ಪ್ರತಿ, ಎರಡು ಬೇರೆ ಡಿಸ್ಕ್, ಒಂದು ಬೇರೆ ಊರಲ್ಲೋ ಮನೆಯಲ್ಲೋ. ಮೂರೂ ಪ್ರತಿ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು.

ಕೊನೆಯ ಮೆಟ್ಟಿಲು

ಗ್ರೇಡಿಂಗ್ ಮುಗಿದ ಮೇಲೆ ಮೊದಲು ಒಂದು ಮಾಸ್ಟರ್ ತೆಗೆಯಿರಿ. ಪ್ರೋರೆಸ್ 4444 ಅಥವಾ 422 ಎಚ್‌ಕ್ಯೂ. ಉಳಿದೆಲ್ಲವೂ ಇದರಿಂದಲೇ ಹುಟ್ಟಬೇಕು. ಥಿಯೇಟರ್‌ಗೆ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಬೇಕು. ಅದರಲ್ಲಿ ಪ್ರತಿ ಫ್ರೇಮ್ ಜೆಪೆಗ್ 2000, ಬಣ್ಣ 12 ಬಿಟ್, ಅಳತೆ 2ಕೆ ಸ್ಕೋಪ್‌ಗೆ 2048×858, ಫ್ಲಾಟ್‌ಗೆ 1998×1080. ಈ ಅಳತೆಯನ್ನು ಶೂಟಿಂಗ್ ಮೊದಲೇ ಗೊತ್ತುಮಾಡಿಕೊಂಡರೆ, ಸ್ಕೋಪ್‌ನಲ್ಲಿ ಹೇಗೂ ಕತ್ತರಿಸಿಹೋಗುವ ಮೇಲುಗಡೆ ಆಕಾಶಕ್ಕೆ ಮ್ಯಾಟ್ ಪೇಂಟಿಂಗ್ ಮಾಡುವ ದಂಡ ಕೆಲಸ ತಪ್ಪುತ್ತದೆ. ಯೂಟ್ಯೂಬ್‌ಗೆ ಎಚ್.264 ಸರಿಯೇ, ಆದರೆ ಹೆಚ್ಚಿನ ಬಿಟ್‌ರೇಟ್‌ನಲ್ಲಿರಲಿ. ಅಲ್ಲಿ ಅದನ್ನು ಮತ್ತೊಮ್ಮೆ ಹಿಂಡುತ್ತಾರೆ. ಎಚ್.264ರ ಸರಿಯಾದ ಜಾಗ ಇದೇ, ಕೊನೆಯ ಮೆಟ್ಟಿಲು.

ಕೈ ಪಳಗಿಸಿಕೊಳ್ಳಲು

ಒಳ್ಳೆಯ ಕ್ಯಾಮೆರಾ ಇಲ್ಲದೆಯೂ ಅಭ್ಯಾಸ ಮಾಡಬಹುದು. ಬ್ಲೆಂಡರ್ ಪ್ರತಿಷ್ಠಾನ 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ‘ಟಿಯರ್ಸ್ ಆಫ್ ಸ್ಟೀಲ್’ ಎಂಬ ಹನ್ನೆರಡು ನಿಮಿಷದ ವಿಎಫ್‌ಎಕ್ಸ್ ಕಿರುಚಿತ್ರ ತಯಾರಿಸಿತು. ಇಯಾನ್ ಹ್ಯೂಬರ್ಟ್ ನಿರ್ದೇಶನದ ಆ ಚಿತ್ರವನ್ನು ಸೋನಿ ಎಫ್65 ಕ್ಯಾಮೆರಾದಲ್ಲಿ 4ಕೆ ಅಳತೆಯಲ್ಲಿ ತೆಗೆದು, ಅದರ ಮೂಲ ಫೂಟೇಜನ್ನು ಇಎಕ್ಸ್‌ಆರ್ ಫ್ರೇಮ್‌ಗಳಾಗಿ ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟಿದ್ದಾರೆ. ತಂಡದ ಹೆಸರು ನಮೂದಿಸಿದರೆ ಸಾಕು, ಯಾರು ಬೇಕಾದರೂ ಬಳಸಬಹುದು. ಒಂದು ಗ್ರೀನ್ ಮ್ಯಾಟ್ ಶಾಟ್ ಇಳಿಸಿಕೊಂಡು ಇಎಕ್ಸ್‌ಆರ್‌ನಲ್ಲೊಮ್ಮೆ ಕೀ ತೆಗೆಯಿರಿ. ಅದನ್ನೇ 8 ಬಿಟ್ ಎಚ್.264ಕ್ಕೆ ಬದಲಾಯಿಸಿ ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂದಲ ಅಂಚು ನೋಡಿದರೆ ಈ ಲೇಖನದ ಅರ್ಧ ಭಾಗ ಕಣ್ಣೆದುರೇ ಇರುತ್ತದೆ.

ಇನ್ನುಳಿದದ್ದು ನಿಮ್ಮ ಚಿತ್ರಕ್ಕೆ ಸಂಬಂಧಿಸಿದ್ದು. ಶೂಟಿಂಗ್‌ಗೆ ಒಂದು ವಾರ ಮೊದಲು ಅದೇ ಕ್ಯಾಮೆರಾ, ಅದೇ ಬಟ್ಟೆ, ಅದೇ ದೀಪಗಳಡಿ ಐದು ಸೆಕೆಂಡಿನ ಒಂದು ಶಾಟ್ ತೆಗೆಯಿರಿ. ಪ್ರಾಕ್ಸಿ, ಎಡಿಟ್, ಪ್ಲೇಟ್, ಕೀ, ಸಿಜಿ, ಕಾನ್ಫಾರ್ಮ್, ಗ್ರೇಡ್, ಮಾಸ್ಟರ್ ಎಲ್ಲ ಹಂತಗಳನ್ನೂ ದಾಟಿಸಿ ದೊಡ್ಡ ಪರದೆಯಲ್ಲಿ ನೋಡಿ. ಎಡವುವುದಿದ್ದರೆ ಆ ಐದು ಸೆಕೆಂಡಿನಲ್ಲೇ ಎಡವಿ. ಅಲ್ಲಿ ಗೆದ್ದ ಫಾರ್ಮ್ಯಾಟನ್ನು ಒಂದು ಹಾಳೆಯಲ್ಲಿ ಬರೆದು ಛಾಯಾಗ್ರಾಹಕ, ಸಂಕಲನಕಾರ, ವಿಎಫ್‌ಎಕ್ಸ್ ಕಲಾವಿದ ಮೂವರಿಗೂ ಕೊಡಿ, ಚಿತ್ರ ಮುಗಿಯುವವರೆಗೆ ಅದನ್ನು ಬದಲಾಯಿಸಬೇಡಿ.